ಗೈಡ್ ಬೇಡ, ಒಂದು ಗಂಟೆ ಸಾಕು: ರಾಯಚೂರಿನ ಕೋಟೆ, ಬೆಟ್ಟ, ಕೆರೆ ಸುತ್ತ ಮೂರು ಸಣ್ಣ ನಡಿಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

"ರಾಯಚೂರಾಗ ನೋಡಾಕ ಏನೈತ್ರಿ?" ಈ ಪ್ರಶ್ನೆಯನ್ನ ಹೊರಗಿನವರಿಗಿಂತ ನಮ್ಮೂರಿನವರೇ ಜಾಸ್ತಿ ಕೇಳ್ತಾರೆ. ಬೆಂಗಳೂರಿನಿಂದ ಗೆಳೆಯ ಬಂದ ಅಂದ್ರೆ ಸೀದಾ ಹಂಪಿಗೋ, ಮಂತ್ರಾಲಯಕ್ಕೋ ಕರ್ಕೊಂಡು ಹೋಗ್ತೀವಿ. ಊರೊಳಗೇ ಏಳುನೂರು ವರ್ಷ ದಾಟಿದ ಕೋಟೆ ಇದೆ, ಮೇಲೆ ಬೆಟ್ಟ ಇದೆ, ಮಗ್ಗುಲಲ್ಲಿ ಕೆರೆ ಇದೆ. ದಿನಾ ಅದರ ಮುಂದೇ ಬಸ್ ಹತ್ತುತ್ತೀವಿ, ಇಳಿಯುತ್ತೀವಿ. ಒಳಗೆ ಕಾಲಿಡೋದಿಲ್ಲ.

ಕರಾವಳಿಯ ಸಣ್ಣ ಬಂದರು ಊರುಗಳಲ್ಲಿ ಒಂದು ಒಳ್ಳೆ ರೂಢಿ ಇದೆ. ಬಂದವರು ದಕ್ಕೆಯಿಂದ ಶುರು ಮಾಡಿ, ಪೇಟೆ ದಾಟಿ, ಹಿಂದಿನ ಗುಡ್ಡ ಹತ್ತಿ ಇಳಿಯುತ್ತಾರೆ. ಗೈಡ್ ಇರೋದಿಲ್ಲ, ಗಾಡಿ ಬೇಕಾಗಲ್ಲ, ಒಂದು ಗಂಟೆಯಲ್ಲಿ ಊರು ಅರ್ಥ ಆಗುತ್ತೆ. ನಮ್ಮಲ್ಲಿ ಸಮುದ್ರ ಇಲ್ಲ, ಸರಿ. ಆದ್ರೆ ನಮ್ಮೂರೂ ಒಂಥರಾ ಒಣನೆಲದ ಬಂದರೇ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ 1871ರಲ್ಲಿ ಒಂದಕ್ಕೊಂದು ಕೂಡಿದ್ದು ಇದೇ ರಾಯಚೂರಿನಲ್ಲಿ. ಎರಡು ಸಮುದ್ರದ ಹಳಿಗಳು ಬಂದು ಸೇರಿದ ಊರಿದು. ಅದಕ್ಕೂ ಮುಂಚೆ ಸೈನ್ಯಗಳು ಬಂದು ಸೇರುತ್ತಿದ್ದವು.

ಅದಕ್ಕೆ ಇವತ್ತಿನ ಸಂಚಿಕೆಯಲ್ಲಿ ಮೂರು ಸಣ್ಣ ನಡಿಗೆ ಹೇಳ್ತೀನಿ. ಒಂದೊಂದೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಒಂದೊಂದಕ್ಕೂ ಒಂದೇ ಪ್ರಶ್ನೆ. ಪ್ರಶ್ನೆ ಯಾಕೆ ಅಂದ್ರೆ, ಕೋಟೆ ನೋಡೋಕೆ ಹೋದವರು ಸುಮ್ಮನೆ ಗೋಡೆ ನೋಡಿ, ಸೆಲ್ಫಿ ತೆಗೆದು ಹತ್ತು ನಿಮಿಷದಲ್ಲಿ ವಾಪಸ್ ಬರ್ತಾರೆ. ಕೈಯಲ್ಲಿ ಒಂದು ಪ್ರಶ್ನೆ ಇದ್ರೆ ಕಣ್ಣು ಹುಡುಕೋಕೆ ಶುರು ಮಾಡುತ್ತೆ. ಗೈಡ್ ಮಾಡೋ ಕೆಲಸ ಮುಖ್ಯವಾಗಿ ಇದೇ.

ಹೊರಡೋ ಮುಂಚೆ

ನಾಲ್ಕೇ ಮಾತು. ಈ ಸಂಚಿಕೆಯನ್ನೂ ಊರಿನ ಆಫ್‌ಲೈನ್ ಮ್ಯಾಪನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಇಯರ್‌ಫೋನ್ ಒಂದೇ ಕಿವಿಗೆ ಹಾಕ್ಕೊಳ್ಳಿ, ಯಾಕಂದ್ರೆ ದಾರಿಯಲ್ಲಿ ಆಟೋ, ಬೈಕು ಎಲ್ಲಾ ನಿಮ್ಮ ಜೊತೆಗೇ ನಡೆಯುತ್ತವೆ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಏಪ್ರಿಲ್, ಮೇನಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತೆ, ಕಲ್ಲು ಕಾದು ಹಂಚಾಗುತ್ತೆ. ಆವಾಗ ಹೋಗೋದೇ ಆದ್ರೆ ಬೆಳಗ್ಗೆ ಆರಕ್ಕೆ ಶುರು ಮಾಡಿ, ಎಂಟಕ್ಕೆ ಮುಗಿಸಿ. ನೀರಿನ ಬಾಟಲಿ ಮರೀಬೇಡಿ, ಒಬ್ಬರೇ ಹೋಗೋ ಬದಲು ಇಬ್ಬರು ಹೋಗಿ.

ಒಂದನೇ ನಡಿಗೆ: ಈ ಕಲ್ಲು ಇಲ್ಲಿಗೆ ಹೆಂಗ ಬಂತು?

ಶುರು ಮಾಡೋದು ಬಸ್ ನಿಲ್ದಾಣದಿಂದ. ಅಲ್ಲಿಂದ ಕೋಟೆ ಎಷ್ಟು ಹತ್ತಿರ ಅಂದ್ರೆ, ದಾರಿ ಕೇಳೋ ಅಗತ್ಯವೇ ಇಲ್ಲ. ನೀವು ಹುಡುಕಬೇಕಾದ್ದು ಒಳಕೋಟೆಯ ಪಶ್ಚಿಮ ದಿಕ್ಕಿನ ಗೋಡೆ.

ಮೊದಲು ಇದನ್ನ ತಿಳ್ಕೊಳ್ಳಿ. ರಾಯಚೂರು ಕೋಟೆಗೆ ಎರಡು ಸುತ್ತು ಗೋಡೆ. ಹೊರಗೋಡೆಯ ಕಲ್ಲು ಒರಟು. ಒಳಗೋಡೆಯದು ಬೇರೆ ಥರ: ದೊಡ್ಡ ದೊಡ್ಡ ಕಲ್ಲುಗಳನ್ನ ಚೆನ್ನಾಗಿ ಕೆತ್ತಿ, ಗಾರೆ ಏನೂ ಹಾಕದೆ, ಒಂದರ ಮೇಲೊಂದು ಕೂರಿಸಿದ್ದಾರೆ. ಎರಡು ಕಲ್ಲಿನ ನಡುವೆ ಎಟಿಎಂ ಕಾರ್ಡ್ ತೂರುತ್ತಾ ನೋಡಿ. ಎಷ್ಟೋ ಕಡೆ ತೂರಲ್ಲ. ಗೋಡೆ ನಿಂತಿರೋದು ಕಲ್ಲಿನ ಭಾರದಿಂದ ಮತ್ತು ಕೆತ್ತಿದವನ ಕೈಯಿಂದ.

ಇದೇ ಗೋಡೆಯಲ್ಲಿ ಒಂದು ಉದ್ದನೆ ಕಲ್ಲಿದೆ. ಉದ್ದ 41 ಅಡಿಗೂ ಸ್ವಲ್ಪ ಜಾಸ್ತಿ. ಒಂದೇ ಕಲ್ಲು, ಎಲ್ಲೂ ಜೋಡಿಸಿಲ್ಲ. ಅದರ ಮೇಲೆ ಶಾಸನ ಇದೆ. ಕಾಲ 1294. ಆಗ ಈ ಸೀಮೆ ವಾರಂಗಲ್ಲಿನ ಕಾಕತೀಯರ ಕೈಯಲ್ಲಿತ್ತು. ಶಾಸನದ ಸಾರ ಇಷ್ಟು: ವಿಠ್ಠಲನಾಥ ಅನ್ನೋ ಅಧಿಕಾರಿ ಆದವಾನಿ, ತುಂಬಳ, ಮಾನುವ, ಹಾಳುವ ಕೋಟೆಗಳನ್ನ ಗೆದ್ದು ರಾಯಚೂರಿಗೆ ಬಂದ, ಜನರ ರಕ್ಷಣೆಗೆ ಅಂತ ಇಲ್ಲಿ ಗಟ್ಟಿ ಗೋಡೆ ಕಟ್ಟಿಸಿದ. ಮಾನುವ ಅಂದ್ರೆ ನಮ್ಮ ಮಾನ್ವಿ. ಆದವಾನಿ ಅಂದ್ರೆ ಈಗ ಆಂಧ್ರದಲ್ಲಿರೋ ಆದೋನಿ. ಇವತ್ತು ನೀವು ಬಸ್ಸಿನ ಬೋರ್ಡ್ ಮೇಲೆ ಓದೋ ಹೆಸರುಗಳು 700 ವರ್ಷದ ಹಿಂದೆ ಕಲ್ಲಿನ ಮೇಲೆ ಇದ್ದವು.

ಈಗ ನಮ್ಮ ಪ್ರಶ್ನೆ. 41 ಅಡಿ ಕಲ್ಲು ಇಲ್ಲಿಗೆ ಹೆಂಗ ಬಂತು? ಇದಕ್ಕೆ ಉತ್ತರ ಬೇರೆ ಎಲ್ಲೂ ಹುಡುಕಬೇಕಿಲ್ಲ, ಅಲ್ಲೇ ಹತ್ತಿರದ ಗೋಡೆ ಮೇಲೆ ಕೆತ್ತಿಟ್ಟಿದ್ದಾರೆ. ಗೀರು ಹಾಕಿ ಬಿಡಿಸಿದ ಚಿತ್ರ ಅದು. ಗಟ್ಟಿ ಗಾಲಿಯ ಬಂಡಿ, ಅಂದ್ರೆ ಅರ ಇಲ್ಲದ ಪೂರಾ ಮರದ ಗಾಲಿ. ಬಂಡಿ ಮೇಲೆ ಉದ್ದನೆ ಕಲ್ಲು. ಮುಂದೆ ಸಾಲಾಗಿ ಕೋಣಗಳು. ಅವನ್ನ ಹುರಿದುಂಬಿಸಿ ಹೊಡೆಯೋ ಜನ. ಗಾಲಿ ಹತ್ತಿರ ಸನ್ನೆಗೋಲು ಹಾಕಿ ಮೀಟುತ್ತಿರೋ ಜನ.

ನಂಗೆ ಇಡೀ ಕೋಟೆಯಲ್ಲಿ ಅತಿ ಹೆಚ್ಚು ಇಷ್ಟ ಆಗೋದು ಈ ಚಿತ್ರ. ನಮ್ಮ ಶಾಸನಗಳಲ್ಲಿ ಸಾಮಾನ್ಯವಾಗಿ ಕಟ್ಟಿಸಿದವರ ಹೆಸರು, ಬಿರುದು ಇರುತ್ತೆ. ಹೊತ್ತವರ ಸುದ್ದಿ ಇರೋದಿಲ್ಲ. ಇಲ್ಲಿ ಕೂಲಿ ಮಾಡಿದವರಿದ್ದಾರೆ, ಕೋಣಗಳಿವೆ, ಕೆಲಸದ ವಿಧಾನ ಇದೆ. ಸಿವಿಲ್ ಎಂಜಿನಿಯರಿಂಗ್ ಓದೋ ಹುಡುಗ ಹುಡುಗಿಯರು ಒಮ್ಮೆ ಹೋಗಿ ನೋಡ್ಲೇಬೇಕು. ಇದು ಆ ಕಾಲದ ಸೈಟ್ ಫೋಟೊ.

ಒಂದು ಲೆಕ್ಕ ಮಾಡೋಣ. ಗ್ರಾನೈಟ್ ಕಲ್ಲು ಒಂದು ಘನ ಅಡಿಗೆ ಸುಮಾರು 75 ಕೆಜಿ ತೂಗುತ್ತೆ. ಈ ಕಲ್ಲಿನ ಅಗಲ, ದಪ್ಪ ಎರಡೂ ಒಂದೊಂದೇ ಅಡಿ ಅಂತ ಇಟ್ಟುಕೊಂಡರೂ 41 ಅಡಿಗೆ 3 ಟನ್ ದಾಟುತ್ತೆ. ಎದುರಿಗೆ ನಿಂತು ನೋಡಿದ್ರೆ ಒಂದಡಿಗಿಂತ ಜಾಸ್ತಿ ಇದೆ ಅನ್ನೋದು ನಿಮಗೇ ಗೊತ್ತಾಗುತ್ತೆ. ದೂರದಿಂದಲೇ ಕಣ್ಣಳತೆ ಮಾಡಿ ಗುಣಿಸಿ ನೋಡಿ. ಆ ತೂಕಕ್ಕೆ ಎಷ್ಟು ಜೋಡಿ ಕೋಣ ಬೇಕು, ಬಂಡಿ ಕೆಸರಿನಲ್ಲಿ ಹೂತರೆ ಏನು ಗತಿ ಅಂತ ಯೋಚಿಸಿ. ಸನ್ನೆಗೋಲು ಯಾಕೆ ಬಿಡಿಸಿದ್ದಾರೆ ಅನ್ನೋದು ಆವಾಗ ತಿಳಿಯುತ್ತೆ.

ಎರಡನೇ ನಡಿಗೆ: ಯಾರು ಯಾವ ಬಾಗಿಲಿನಿಂದ ಬಂದ್ರು?

ಹೊರಗೋಡೆಗೆ ಐದು ದರ್ವಾಜಾ. ಪಶ್ಚಿಮಕ್ಕೆ ಮೆಕ್ಕಾ ದರ್ವಾಜಾ, ಉತ್ತರಕ್ಕೆ ನವರಂಗಿ, ಪೂರ್ವಕ್ಕೆ ಕಾಟಿ, ಇನ್ನೆರಡು ಖಂದಕ್ ಮತ್ತು ದೊಡ್ಡಿ. ಒಂದೇ ಸಲ ಐದೂ ನೋಡೋ ಹಟ ಬೇಡ. ಪಶ್ಚಿಮದಿಂದ ಶುರು ಮಾಡಿ, ಉತ್ತರ ಸುತ್ತಿ, ಪೂರ್ವಕ್ಕೆ ಬನ್ನಿ. ಮೂರು ಬಾಗಿಲು ಸಾಕು.

ಮೆಕ್ಕಾ ದರ್ವಾಜಾ ಬಹಮನಿ ಸುಲ್ತಾನರ ಕಾಲದ್ದು. ಅಲ್ಲಿನ ಪರ್ಷಿಯನ್ ಶಾಸನ ಸುಮಾರು 1470ರದು. ನವರಂಗಿ ದರ್ವಾಜಾ ಹತ್ತಿರ ಹೋದಾಗ ಸ್ವಲ್ಪ ನಿಂತು ಗೋಡೆ ನೋಡಿ. ಅಲ್ಲಿ ಉಬ್ಬುಶಿಲ್ಪಗಳಿವೆ, ನಾಗರ ಹೆಡೆ ಇವೆ, ಪುರಾಣದ ಆಕೃತಿಗಳಿವೆ. ಒಂದೇ ಕೋಟೆ, ಹತ್ತು ನಿಮಿಷದ ನಡಿಗೆ, ಬಾಗಿಲಿನ ಭಾಷೆ ಬದಲಾಯಿತು.

ಯಾಕೆ ಬದಲಾಯಿತು? ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ಈ ನೆಲಕ್ಕೆ ಹಳಗಾಲದಲ್ಲಿ ಎಡೆದೊರೆ ನಾಡು ಅಂತ ಹೆಸರಿತ್ತು. ಎಡೆ ಅಂದ್ರೆ ನಡುವೆ, ತೊರೆ ಅಂದ್ರೆ ನದಿ. ಉತ್ತರದಲ್ಲಿ ಬಹಮನಿಗಳು, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳು. ದಕ್ಷಿಣದಲ್ಲಿ ವಿಜಯನಗರ. ಇಬ್ಬರಿಗೂ ಈ ನೆಲ ಬೇಕು. ಹಂಗಾಗಿ ಈ ಕೋಟೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗ್ತಾನೇ ಇತ್ತು. ಗೆದ್ದವರು ಹಳೇದನ್ನ ಪೂರಾ ಕೆಡವಲಿಲ್ಲ, ತಮ್ಮದನ್ನ ಸೇರಿಸಿದರು. ನೀವು ನೋಡ್ತಿರೋದು ಆ ಸೇರ್ಪಡೆಯನ್ನ.

ಈ ಕಥೆಯ ತುದಿ 1520. ಆ ವರ್ಷ ಮೇ ತಿಂಗಳಲ್ಲಿ ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ನಡುವೆ ಯುದ್ಧ ಆಯಿತು. ಇದರ ವಿವರ ನಮಗೆ ಸಿಗೋದು ಫೆರ್ನಾವ್ ನೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿಯಿಂದ. ಅವನು ಕೆಲವು ವರ್ಷಗಳ ನಂತರ ವಿಜಯನಗರದಲ್ಲಿದ್ದುಕೊಂಡು ಬರೆದ. ಬಂದರಿನ ನಂಟು ಇಲ್ಲಿ ಮತ್ತೆ ಬರುತ್ತೆ ನೋಡಿ: ಗೋವಾ 1510ರಲ್ಲಿ ಪೋರ್ಚುಗೀಸರ ಪಾಲಾಗಿತ್ತು, ಅರಬ್ ಕುದುರೆಗಳು ಆ ಬಂದರಿನಿಂದ ಒಳನಾಡಿಗೆ ಬರುತ್ತಿದ್ದವು, ಕುದುರೆ ಜೊತೆ ಬಂದೂಕೂ ಬಂತು.

ನೂನಿಜ್ ಹೇಳೋ ಪ್ರಕಾರ, ರಾಯರ ಕಡೆಯವರು ಗೋಡೆ ಬುಡಕ್ಕೆ ಹೋಗಿ ಗುದ್ದಲಿ, ಹಾರೆಯಿಂದ ಕಲ್ಲು ಕೀಳುತ್ತಿದ್ದರು. ಕಿತ್ತು ತಂದ ಕಲ್ಲಿಗೆ ಗಾತ್ರ ನೋಡಿ ದುಡ್ಡು ಕೊಡುತ್ತಿದ್ದರಂತೆ. ಕೋಟೆ ಮೇಲೆ ಫಿರಂಗಿಗಳೇನೋ ಇದ್ದವು. ಆದರೆ ಅವು ದೂರಕ್ಕೆ ಹೊಡೆಯೋಕೆ ಸರಿ. ಗೋಡೆ ಬುಡದಲ್ಲಿ ನಿಂತವನ ಮೇಲೆ ಗುರಿ ಹಿಡಿಯೋಕೆ ಬರಲ್ಲ. ಅವರನ್ನ ತಡೀಬೇಕು ಅಂದ್ರೆ ಮೇಲಿನವರು ತಲೆ ಹೊರಗೆ ಹಾಕಿ ಬಗ್ಗಲೇಬೇಕು. ಅದೇ ಹೊತ್ತಿಗೆ ಕ್ರಿಸ್ತೊವಾವ್ ದೆ ಫಿಗೆರೇದೊ ಅನ್ನೋ ಪೋರ್ಚುಗೀಸ ಸುಮಾರು ಇಪ್ಪತ್ತು ಬಂದೂಕಿನವರ ಜೊತೆ ಬಂದು ಸೇರಿದ. ಬಗ್ಗಿದವರನ್ನ ಅವರು ಗುರಿಯಿಟ್ಟು ಹೊಡೆದರು. ಕೊನೆಗೆ ಕೋಟೆಯ ಮುಖ್ಯಾಧಿಕಾರಿಯೇ ಬಗ್ಗಿ ನೋಡುವಾಗ ಹಣೆಗೆ ಗುಂಡು ಬಿತ್ತು, ಕೋಟೆ ಶರಣಾಯಿತು.

ಇದನ್ನ ಕೇಳಿದ ಮೇಲೆ ಪೂರ್ವದ ಕಾಟಿ ದರ್ವಾಜಾ ಕಡೆ ನಡೀರಿ. ರಾಯರ ಸೈನ್ಯ ಬೀಡುಬಿಟ್ಟಿದ್ದು ಪೂರ್ವದಲ್ಲಿ ಅಂತ ನೂನಿಜ್ ಬರೆದಿದ್ದಾನೆ. ಗೋಡೆ ಬುಡದಲ್ಲಿ ನಿಂತು ಮೇಲೆ ನೋಡಿ. ಕೆಳಗಿದ್ದವನಿಗೆ ಮೇಲಿನವನ ತಲೆ ಬಿಟ್ಟು ಬೇರೇನೂ ಕಾಣಲ್ಲ, ಮೇಲಿದ್ದವನಿಗೆ ಬಗ್ಗದೆ ಕೆಳಗಿನವನು ಕಾಣಲ್ಲ. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿದ್ದ ಯುದ್ಧ ಕುತ್ತಿಗೆ ನೋವಿನ ಮೂಲಕ ಅರ್ಥ ಆಗುತ್ತೆ.

ನಡಿಗೆ ಮುಗಿಸೋದು ಏಕ್ ಮಿನಾರ್ ಮಸೀದಿ ಹತ್ತಿರ. ಹೆಸರೇ ಹೇಳೋ ಹಾಗೆ ಒಂದೇ ಮಿನಾರು, ಎತ್ತರ ಸುಮಾರು 65 ಅಡಿ. ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದಲ್ಲಿ, 1513ರ ಸುಮಾರಿಗೆ ಕಟ್ಟಿದ್ದು. ಅಂದ್ರೆ 1520ರ ಯುದ್ಧ ಆದಾಗ ಈ ಮಿನಾರು ಅಲ್ಲೇ ನಿಂತಿತ್ತು, ಇನ್ನೂ ಹೊಸದು. ಇದು ಪ್ರಾರ್ಥನೆ ನಡೆಯೋ ಜಾಗ, ಕೇಳಿಕೊಂಡು ಹೋಗಿ, ಚಪ್ಪಲಿ ಹೊರಗೆ ಬಿಡಿ. ಅಲ್ಲಿಂದ ತೀನ್ ಕಂದೀಲ್ ಕಡೆ ಪೇಟೆಗೆ ಬಂದ್ರೆ ಚಹಾ, ಮಂಡಾಳ ಒಗ್ಗರಣಿ, ಮಿರ್ಚಿ ಎಲ್ಲಾ ಸಿಗುತ್ತೆ.

ಮೂರನೇ ನಡಿಗೆ: ನೀರು ಎಲ್ಲಿತ್ತು?

ಇದು ಬೆಟ್ಟ ಮತ್ತು ಕೆರೆ. ಬೆಳಗ್ಗೆಯೇ ಹೋಗಬೇಕು.

ಕೋಟೆಯ ದಕ್ಷಿಣಕ್ಕೆ ಕಲ್ಲುಗುಡ್ಡಗಳ ಸಾಲು. ಮೂರು ಕಡೆ ಜನ ಗೋಡೆ ಕಟ್ಟಿದರು, ಈ ಕಡೆಗೆ ಗುಡ್ಡವೇ ಗೋಡೆ. ಎತ್ತರದ ಬೆಟ್ಟ ಸುತ್ತಲಿನ ಬಯಲಿನಿಂದ ಸುಮಾರು 290 ಅಡಿ. ನಂದಿಬೆಟ್ಟದ ಲೆಕ್ಕದಲ್ಲಿ ಇದು ಏನೂ ಅಲ್ಲ, ಆದ್ರೆ ಸುತ್ತ ಸಪಾಟು ನೆಲ ಇರೋದ್ರಿಂದ ಮೇಲೆ ಹೋದ್ರೆ ಇಡೀ ಊರು ಅಂಗೈ ಮೇಲೆ ಇದ್ದಂಗೆ ಕಾಣುತ್ತೆ. ತುದಿಯಲ್ಲಿ ಬಾಲಾ ಹಿಸಾರ್ ಇದೆ: ಹಳೇ ದರ್ಬಾರಿನ ಕಟ್ಟಡ, ಸಣ್ಣ ಮಸೀದಿ, ದರ್ಗಾ, ಉದ್ದನೆ ಫಿರಂಗಿ. ಕಾಲಡಿ ಇರೋ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ಮುಂದೆ ಕಾಕತೀಯರೂ ಬಹಮನಿಗಳೂ ನಿನ್ನೆ ಮೊನ್ನೆ ಬಂದವರು.

ಮೇಲೆ ನಿಂತು ಸುತ್ತ ನೋಡಿ, ನದಿ ಹುಡುಕಿ. ಎರಡು ನದಿಗಳ ನಡುವಿನ ನಾಡು ಅಂತೀವಿ, ಆದ್ರೆ ಎರಡರಲ್ಲಿ ಒಂದೂ ಊರೊಳಗೆ ಹರಿಯಲ್ಲ. ಕೃಷ್ಣಾ ಉತ್ತರಕ್ಕೆ, ಶಕ್ತಿನಗರದ ಕಡೆ. ತುಂಗಭದ್ರಾ ದಕ್ಷಿಣಕ್ಕೆ, ಇನ್ನೂ ದೂರ. ಶತ್ರು ಬಂದು ಸುತ್ತುವರಿದರೆ ನದಿಯಿಂದ ಉಪಯೋಗ ಇಲ್ಲ. ಹಂಗಾದ್ರೆ ಕೋಟೆಯೊಳಗಿನ ಜನ ಏನು ಕುಡೀತಿದ್ರು?

ಇದಕ್ಕೂ ನೂನಿಜ್ ಉತ್ತರ ಬಿಟ್ಟಿದ್ದಾನೆ. ಎತ್ತರದ ಜಾಗದಲ್ಲಿ ಬತ್ತದ ಒಂದು ಬುಗ್ಗೆ ಇದೆ, ಜೊತೆಗೆ ಕೆರೆಗಳು, ಬಾವಿಗಳು ಇವೆ, ಹಾಗಾಗಿ ನೀರಿಲ್ಲದೆ ಸೋಲೋ ಭಯ ಇವರಿಗೆ ಇರಲಿಲ್ಲ ಅಂತ ಬರೆದಿದ್ದಾನೆ. ಬೆಟ್ಟ ಇಳಿಯುವಾಗ ಬಂಡೆ ಮೇಲಿನ ತಗ್ಗುಗಳನ್ನ, ಮಳೆನೀರು ಹರಿದ ಜಾಡುಗಳನ್ನ ನೋಡಿ. ಬಂಡೆ ನೀರು ಹೀರಲ್ಲ, ಬಿದ್ದ ಮಳೆ ಎಲ್ಲಾ ಕೆಳಗೆ ಓಡುತ್ತೆ. ಅದನ್ನ ತಡೆದು ನಿಲ್ಲಿಸಿದ್ರೆ ಕೆರೆ. ಬೆಟ್ಟದ ಮಗ್ಗುಲಲ್ಲಿ ಮಾವಿನ ಕೆರೆ ಇರೋದು ಈ ಲೆಕ್ಕದಲ್ಲೇ. ಹಳಬರ ಬಾಯಲ್ಲಿ ಅದು ಆಮ್ ತಲಾಬ್.

ನಡಿಗೆ ಕೆರೆ ದಂಡೆಯಲ್ಲಿ ಮುಗಿಸಿ. ಒಂದು ಪ್ರಶ್ನೆ ಮನೆಗೂ ತಗೊಂಡು ಹೋಗಿ: ಮುತ್ತಿಗೆ ಬಿದ್ದಾಗ ಊರನ್ನ ಉಳಿಸಿದ ನೀರಿನ ಜಾಗಗಳನ್ನ ನಾವು ಇವತ್ತು ಹೆಂಗ ಇಟ್ಟುಕೊಂಡಿದೀವಿ? ಬೇಸಿಗೆಯಲ್ಲಿ ನಳದ ನೀರಿಗೆ ಕಾಯೋ ಊರಿನಲ್ಲಿ ಇದು ಇತಿಹಾಸದ ಪ್ರಶ್ನೆ ಮಾತ್ರ ಅಲ್ಲ.

ಇನ್ನೂ ಒಂದು ದಿನ ಇದ್ರೆ: ಮಾನ್ವಿ, ದೇವದುರ್ಗ

ಮೊದಲ ನಡಿಗೆಯ ಕಲ್ಲಿನಲ್ಲಿ ಮಾನ್ವಿ ಹೆಸರು ಸಿಕ್ಕಿತಲ್ಲ, ಅದರ ಬೆನ್ನು ಹತ್ತಿ ಬಸ್ಸಿನಲ್ಲಿ ಹೋಗಿ. ಮಾನ್ವಿ ಹರಿದಾಸರ ಊರು. 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರು (1728–1809) ಇಲ್ಲಿದ್ದವರು. ಅವರ ಮಂದಿರದ ಸುತ್ತಲಿನ ಹಳೇ ಓಣಿಗಳನ್ನ ಅರ್ಧ ಗಂಟೆಯಲ್ಲಿ ಸುತ್ತಬಹುದು. ವಿಜಯದಾಸರ ಚೀಕಲಪರವಿ ತುಂಗಭದ್ರಾ ದಂಡೆ ಮೇಲಿದೆ; ರಾಯಚೂರು ಬೆಟ್ಟದಿಂದ ಕಾಣದ ನದಿ ಅಲ್ಲಿ ಎದುರಿಗೇ ಸಿಗುತ್ತೆ.

ದೇವದುರ್ಗದ ದಾರಿಯಲ್ಲಾದ್ರೆ ಗಬ್ಬೂರಿನಲ್ಲಿ ಇಳೀರಿ. ಸಣ್ಣ ಊರು, ಆದ್ರೆ ಹಳೇ ಗುಡಿಗಳೂ ಶಾಸನಗಳೂ ಓಣಿ ಓಣಿಗೆ ಸಿಗುತ್ತವೆ. ಅಲ್ಲಿ ಮ್ಯಾಪ್ ನೋಡೋದಕ್ಕಿಂತ ಕಟ್ಟೆ ಮೇಲೆ ಕೂತ ಹಿರಿಯರನ್ನ ಕೇಳೋದು ಒಳ್ಳೇದು. "ತಾತಾ, ಶಾಸನದ ಕಲ್ಲು ಎಲ್ಲೈತ್ರಿ?" ಅಂದ್ರೆ ಸಾಕು, ಯಾರಾದ್ರೂ ತೋರಿಸೋಕೆ ಎದ್ದು ಬರ್ತಾರೆ.

ನೋಡಿದ ಮೇಲೆ ಮಾಡಬೇಕಾದ್ದು

ರಾಯಚೂರು ಕೋಟೆ ಟಿಕೆಟ್ ಕೊಟ್ಟು ಒಳಗೆ ಹೋಗಿ, ಐದು ಗಂಟೆಗೆ ಬೀಗ ಹಾಕೋ ಜಾಗ ಅಲ್ಲ. ಒಳಗೆ ಮನೆಗಳಿವೆ, ಅಂಗಡಿಗಳಿವೆ, ಮಕ್ಕಳು ಆಡ್ತಾರೆ. ಊರು ಕೋಟೆಯೊಳಗೇ ಬದುಕುತ್ತಿದೆ. ಅದೇ ಅದರ ಚೆಂದ, ಅದೇ ಅದರ ಅಪಾಯ ಕೂಡ. ಯಾರೂ ಕಾಯದ ಗೋಡೆ ಮೇಲೆ ಪೋಸ್ಟರ್ ಅಂಟುತ್ತೆ, ಹೆಸರು ಗೀಚುತ್ತಾರೆ, ಬುಡದಲ್ಲಿ ಕಸ ಬೀಳುತ್ತೆ. ಒಂದು ಕಲ್ಲು ಸಡಿಲಾದ್ರೆ ಯಾವತ್ತು ಸಡಿಲಾಯಿತು ಅಂತ ಹೇಳೋಕೆ ಯಾರ ಹತ್ತಿರಾನೂ ಏನೂ ಇರಲ್ಲ.

ಇಲ್ಲಿ ನಿಮ್ಮ ಫೋನ್ ಕೆಲಸಕ್ಕೆ ಬರುತ್ತೆ. ಆ ಬಂಡಿ, ಕೋಣಗಳ ಚಿತ್ರ ಆಳವಾಗಿ ಕೊರೆದದ್ದಲ್ಲ, ತೆಳು ಗೀರು. ಬಿಸಿಲು, ಮಳೆ, ಕೈ ಸವರೋದು, ಸುಣ್ಣ ಬಳಿಯೋದು, ಎಲ್ಲದರಿಂದಲೂ ಸವೆಯುತ್ತೆ. ಹಂಗಾಗಿ ಹೋದಾಗ ಅದನ್ನ ಮುಟ್ಟಬೇಡಿ, ಸೀಮೆಸುಣ್ಣ ಹಚ್ಚಿ ಎದ್ದು ಕಾಣೋ ಹಾಗೆ ಮಾಡಬೇಡಿ, ನೀರೂ ಹಾಕಬೇಡಿ. ಬೆಳಗ್ಗೆ ಅಥವಾ ಸಂಜೆ ಬೆಳಕು ಓರೆಯಾಗಿ ಬೀಳುವಾಗ ಗೀರು ತಾನಾಗೇ ಎದ್ದು ಕಾಣುತ್ತೆ. ಒಂದು ಫೋಟೊ ನೇರವಾಗಿ ಎದುರಿನಿಂದ, ಇನ್ನೊಂದು ಸುತ್ತಲಿನ ಗೋಡೆ ಸೇರಿಸಿ ತೆಗೀರಿ. ಫಿಲ್ಟರ್ ಬೇಡ. ತಾರೀಕು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೀರಿ.

ಹತ್ತು ಜನ ಹತ್ತು ವರ್ಷ ಹೀಗೆ ಮಾಡಿದ್ರೆ ಈ ಗೋಡೆ ಹೆಂಗ ಬದಲಾಗ್ತಿದೆ ಅನ್ನೋದಕ್ಕೆ ಸಾಕ್ಷಿ ಸಿಗುತ್ತೆ. ಏನಾದ್ರೂ ಕಿತ್ತು ಹೋದ್ರೆ, ಅರ್ಜಿ ಹಿಡಿದು ಕಚೇರಿಗೆ ಹೋಗೋವಾಗ "ಮೊದಲು ಹಿಂಗಿತ್ತು" ಅಂತ ತೋರಿಸೋಕೆ ಒಂದು ಫೋಟೊ ಇರುತ್ತೆ. ಕೋಟೆ ಬಗ್ಗೆ ಅಭಿಮಾನದ ರೀಲ್ಸ್ ಬೇಕಾದಷ್ಟಿವೆ. ತಾರೀಕು ಇರೋ ಫೋಟೊ ಕಡಿಮೆ.

ಒಂದು ವಿನಂತಿ: ಕೋಟೆಯೊಳಗಿನ ಮನೆ, ಅಂಗಳ, ಹೆಣ್ಣುಮಕ್ಕಳು, ಮಕ್ಕಳು ಫೋಟೊದಲ್ಲಿ ಬರ್ತಾರೆ ಅಂದ್ರೆ ಮೊದಲು ಕೇಳಿ. ಸಡಿಲಾದ ಗೋಡೆ ಹತ್ತಬೇಡಿ. ಬಾಟಲಿ ವಾಪಸ್ ತನ್ನಿ.

ಮೂರರಲ್ಲಿ ಒಂದನ್ನ ಈ ಭಾನುವಾರಕ್ಕೆ ಆರಿಸಿಕೊಳ್ಳಿ. ಯಾವುದು ಅಂತ ಗೊತ್ತಾಗದಿದ್ರೆ ಮೊದಲನೇದರಿಂದಲೇ ಶುರು ಮಾಡಿ, ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದ್ರೆ ಸಾಕು. ಬರ್ಲಾ ಹಂಗಾರ? ಮುಂದಿನ ಸಂಚಿಕೆಯಲ್ಲಿ ಸಿಗೋಣ.